ಛೇದನಾಲಯದಿಂದ ಗರಡಿಮನೆಗೆ: ಒಂದು ಭುಜವನ್ನು ಅರಿಯಲು ನಡೆಸಿದ ಅಧ್ಯಯನ

ಮನುಷ್ಯನ ಆಕೃತಿಯನ್ನು ಬರೆಯುವವರಿಗೂ ಕಡೆಯುವವರಿಗೂ ಅಂಗರಚನೆಯ ಅರಿವು ಬೇಕೆಂದು ಎಲ್ಲ ಗುರುಗಳೂ ಹೇಳುತ್ತಾರೆ. ಆದರೆ ಕಲಾಶಾಲೆಯ ಓದು ಮುಗಿಸಿ ಸ್ವತಂತ್ರವಾಗಿ ಕೆಲಸ ಮಾಡುತ್ತಿರುವವರು ಅದನ್ನು ಎಲ್ಲಿ ಕಲಿಯಬೇಕು, ಯಾರಿಗೆ ಅರ್ಜಿ ಕೊಡಬೇಕು, ಏನೇನು ಕಾಗದಪತ್ರ ಕೇಳುತ್ತಾರೆ, ಎಷ್ಟು ಖರ್ಚು ಬೀಳುತ್ತದೆ ಎಂಬುದನ್ನು ತಿಳಿಸುವವರು ಸಿಗುವುದು ಕಷ್ಟ. ಮೈಸೂರಿನಲ್ಲಿದ್ದುಕೊಂಡು ಜೇಡಿಮಣ್ಣು ಮತ್ತು ಕಂಚಿನಲ್ಲಿ ಕೆಲಸ ಮಾಡುವ ನಾನು ವರ್ಷಕ್ಕೂ ಮೀರಿ ಇದರ ಹಿಂದೆ ಓಡಾಡಿ, ಈಗಷ್ಟೇ ಒಂದು ಘಟ್ಟ ಮುಟ್ಟಿದ್ದೇನೆ. ಮುಂದೆ ಇದೇ ದಾರಿ ಹಿಡಿಯುವವರಿಗೆ ಅಲೆದಾಟ ಸ್ವಲ್ಪವಾದರೂ ತಪ್ಪಲಿ ಎಂದು ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಬಲಗೈಯನ್ನು ತಲೆಯ ಮೇಲಕ್ಕೆ ಎತ್ತಿ ನಿಂತ ಆಳೆತ್ತರದ ಆಕೃತಿಯೊಂದನ್ನು ಮಾಡಿಕೊಡಲು ಒಪ್ಪಿಕೊಂಡಾಗ ಈ ಅಧ್ಯಯನದ ಅಗತ್ಯ ಎದುರಾಯಿತು. ಕೈ ಇಳಿಬಿಟ್ಟಾಗ ಭುಜದ ರೂಪ ಸರಳ. ಅದೇ ಕೈಯನ್ನು ಮೇಲೆತ್ತಿದರೆ ಎದೆಯ ಬದಿ, ಕಂಕುಳು, ಬೆನ್ನಿನ ಅರ್ಧ ಭಾಗ ಎಲ್ಲವೂ ಜಾಗ ಬದಲಿಸುತ್ತವೆ. ಫೋಟೋಗಳನ್ನು ಎಷ್ಟು ಗುಡ್ಡೆ ಹಾಕಿಕೊಂಡರೂ ಕಾಣುವುದು ಉಬ್ಬು ತಗ್ಗುಗಳಷ್ಟೇ. ಆ ಉಬ್ಬು ಮೂಳೆಯದೋ, ಸ್ನಾಯುವಿನದೋ, ಕೊಬ್ಬಿನದೋ ಎಂಬುದನ್ನು ಫೋಟೋ ಹೇಳುವುದಿಲ್ಲ. ನಮ್ಮ ಓದಿನ ಕಾಲದಲ್ಲಿ ಅಂಗರಚನೆಯ ಪಾಠವಿತ್ತಾದರೂ, ಗೋಡೆಯ ಮೇಲಿನ ಪಟವನ್ನು ನಕಲು ಮಾಡಿ ಸ್ನಾಯುಗಳ ಹೆಸರನ್ನು ಬರೆದರೆ ಪರೀಕ್ಷೆ ಮುಗಿಯುತ್ತಿತ್ತು.

ಸಾಂಪ್ರದಾಯಿಕ ಶಿಲ್ಪ ಕಲಿತ ಗೆಳೆಯರು, ಇದೆಲ್ಲ ಏಕೆ ಬೇಕು, ಮೂರ್ತಿಯ ಅಂಗಾಂಗಗಳಿಗೆ ಶಿಲ್ಪಶಾಸ್ತ್ರ ಹೇಳುವ ಅಳತೆಯ ಲೆಕ್ಕ, ಅಂದರೆ ತಾಲಮಾನವೊಂದು ಸಾಲದೇ ಎಂದು ಕೇಳಿದರು. ಪ್ರಶ್ನೆ ತೂಕದ್ದೇ. ಅದರ ಒಂದು ಬಗೆಯಾದ ಉತ್ತಮ ದಶತಾಲದಲ್ಲಿ ಇಡೀ ಮೂರ್ತಿಯ ಎತ್ತರವನ್ನು ಅಂಗುಲಗಳೆಂಬ 124 ಸಮಭಾಗಗಳಾಗಿ ಲೆಕ್ಕ ಹಾಕುತ್ತಾರೆ. ಮುಖ, ಕೊರಳು, ಎದೆ, ತೊಡೆ, ಮೊಣಕಾಲು ಎಲ್ಲಕ್ಕೂ ಅಳತೆ ಗೊತ್ತುಮಾಡಿದೆ. ಶ್ರವಣಬೆಳಗೊಳದ ಗೊಮ್ಮಟನ ಅಗಲ ಭುಜಗಳ ಮೇಲೆ ಸ್ನಾಯುಗಳ ಗೆರೆ ಎದ್ದು ಕಾಣುವುದಿಲ್ಲ, ಆದರೂ ಆ ದೇಹದಲ್ಲಿ ಬಲದ ಕೊರತೆ ಯಾರಿಗೂ ಕಾಣಿಸದು. ಅದೊಂದು ಪೂರ್ಣವಾದ ದೃಷ್ಟಿ. ಹಾಗೆಂದು ನಮ್ಮ ಶಿಲ್ಪಿಗಳು ಮೂಳೆಯನ್ನು ನೋಡಿರಲಿಲ್ಲ ಎನ್ನುವುದನ್ನು ನಾನು ಒಪ್ಪಲಾರೆ. ಬಾದಾಮಿಯ ಮೊದಲನೆಯ ಗುಹೆಯಲ್ಲಿ ಅರ್ಧನಾರೀಶ್ವರನ ಪಕ್ಕ ನಿಂತ ಭೃಂಗಿಯನ್ನು ಹತ್ತಿರದಿಂದ ನೋಡಿ. ಎಲುಬಿನ ಗೂಡಾಗಿ ನಿಂತ ಆ ಮೈಯನ್ನು ಕಡೆದವನು ಬಡಕಲು ದೇಹಗಳನ್ನು ಗಮನವಿಟ್ಟು ನೋಡಿದವನೇ ಆಗಿರಬೇಕು. ಶವವನ್ನು ಹುಲ್ಲಿನಲ್ಲಿ ಸುತ್ತಿ, ಪಂಜರದಲ್ಲಿಟ್ಟು, ಹರಿಯುವ ನೀರಿನಲ್ಲಿ ಏಳು ರಾತ್ರಿ ಬಿಟ್ಟು, ಆಮೇಲೆ ಕುಂಚದಂಥ ಸಾಧನದಿಂದ ಮೆಲ್ಲಗೆ ಉಜ್ಜುತ್ತ ಒಂದೊಂದೇ ಪದರ ನೋಡಬೇಕೆಂದು ಪ್ರಾಚೀನ ವೈದ್ಯ ಸುಶ್ರುತನ ಗ್ರಂಥದ ಶಾರೀರಸ್ಥಾನವೆಂಬ ಭಾಗ ಹೇಳುತ್ತದೆ. ನನ್ನ ಕೆಲಸ ಮಾತ್ರ ನಿರ್ದಿಷ್ಟ ವ್ಯಕ್ತಿಯೊಬ್ಬನ ದೇಹದ್ದಾದ್ದರಿಂದ ತಾಲಮಾನದ ಆಚೆಗೂ ಹೋಗಬೇಕಿತ್ತು.

ಮೊದಲು ಅಸ್ಥಿಪಂಜರ. ನಿಜವಾದ ಮೂಳೆಗಳನ್ನು ಕೊಳ್ಳುವ ಯೋಚನೆಯನ್ನು ಯಾರೂ ಮಾಡಬೇಡಿ. ಒಂದು ಕಾಲದಲ್ಲಿ ಭಾರತದಿಂದ ಜಗತ್ತಿನ ವೈದ್ಯಕೀಯ ಶಾಲೆಗಳಿಗೆಲ್ಲ ಅಸ್ಥಿಪಂಜರಗಳು ಹೋಗುತ್ತಿದ್ದವು; 1985ರಲ್ಲಿ ಸರ್ಕಾರ ಆ ರಫ್ತನ್ನು ನಿಷೇಧಿಸಿತು. ಈಗಲೂ ಮೂಳೆ ಕೊಡಿಸುತ್ತೇನೆ ಎಂದು ಬರುವವರ ಬಳಿ ಅದು ಯಾರದು, ಎಲ್ಲಿಂದ ಬಂತು ಎಂಬುದಕ್ಕೆ ಸರಿಯಾದ ಕಾಗದವಿರುವುದಿಲ್ಲ. ನಾನು ಆಳೆತ್ತರದ ಪ್ಲಾಸ್ಟಿಕ್ ಮಾದರಿಯೊಂದನ್ನು 14,000 ರೂಪಾಯಿ ಕೊಟ್ಟು ತರಿಸಿದೆ. ಕೊಳ್ಳುವ ಮುನ್ನ ಎರಡು ಸಂಗತಿ ನೋಡಿಕೊಳ್ಳಿ. ಬೆನ್ನುಮೂಳೆಗೆ ಸಹಜವಾದ ಬಾಗು ಇರಬೇಕು, ನೆಟ್ಟಗೆ ಕೋಲಿನಂತಿದ್ದರೆ ಬೇಡ. ಹೆಗಲೆಲುಬು, ಅಂದರೆ ಸ್ಕ್ಯಾಪುಲಾ, ಪಕ್ಕೆಲುಬುಗಳಿಗೆ ಬಿಗಿಯಾಗಿ ಸ್ಕ್ರೂ ಹಾಕಿದ್ದಾಗಿರಬಾರದು. ನನಗೆ ಬಂದದ್ದು ಹಾಗೆಯೇ ಇತ್ತು. ಸ್ಕ್ರೂ ಬಿಚ್ಚಿ, ಸೈಕಲ್ ಟ್ಯೂಬಿನ ರಬ್ಬರ್ ಕಟ್ಟಿ ಅದು ಸರಿದಾಡುವಂತೆ ಮಾಡಿಕೊಂಡೆ. ಜೀವಂತ ದೇಹದಲ್ಲಿ ಇಡೀ ತೋಳು ಮುಂಡದ ಎಲುಬುಗಳಿಗೆ ಸೇರುವುದು ಒಂದೇ ಕಡೆ: ಕೊರಳೆಲುಬು ಎದೆಮೂಳೆಯ ಮೇಲ್ತುದಿಯನ್ನು ಮುಟ್ಟುವ ಜಾಗದಲ್ಲಿ. ಹೆಗಲೆಲುಬಿಗೂ ಪಕ್ಕೆಲುಬಿಗೂ ನಡುವೆ ಸ್ನಾಯುಗಳಿವೆಯೇ ಹೊರತು ಮೂಳೆಯ ಕೀಲಿಲ್ಲ. ಕೈ ಎತ್ತಿದಾಗ ಬೆನ್ನು ಬದಲಾಗುವ ಗುಟ್ಟೆಲ್ಲ ಇಲ್ಲಿಯೇ ಇದೆ.

ಮೂಳೆಗಳನ್ನು ಬರೆಯುತ್ತ ಕೆಲವು ತಿಂಗಳು ಕಳೆದೆ. ಒಟ್ಟು 206 ಮೂಳೆಗಳನ್ನು ಬಾಯಿಪಾಠ ಮಾಡುವುದು ಕಲಾವಿದನಿಗೆ ಅನಗತ್ಯ. ಚರ್ಮದ ಕೆಳಗೆ ನೇರವಾಗಿ ಕೈಗೆ ಸಿಗುವ ಜಾಗಗಳು ಗೊತ್ತಿರಬೇಕು: ಕತ್ತಿನ ಬುಡದಲ್ಲಿ ಎದ್ದು ಕಾಣುವ ಏಳನೆಯ ಕಶೇರುಕ, ಕೊರಳೆಲುಬಿನ ಇಂಗ್ಲಿಷ್ ಎಸ್ ಅಕ್ಷರದ ಬಳುಕು, ಹೆಗಲೆಲುಬಿನ ಓರೆ ಏಣು, ಸೊಂಟದ ಮುಂಬದಿಯ ಎರಡು ತುದಿಗಳು, ಮೊಣಕಾಲಿನ ಚಿಪ್ಪು, ಮುಂಗಾಲಿನ ಮೂಳೆಯ ಉದ್ದನೆಯ ಚಪ್ಪಟೆ ಮುಖ, ಮಣಿಕಟ್ಟಿನಲ್ಲಿ ಕಿರುಬೆರಳಿನ ಕಡೆಯ ಗಂಟು. ಪಾದದ ಒಳಗಿನ ಗಿಣ್ಣು ಹೊರಗಿನದಕ್ಕಿಂತ ಮೇಲಿರುತ್ತದೆ. ಮೀನಖಂಡದ ಒಳಬದಿಯ ಉಬ್ಬು ಹೊರಬದಿಯದಕ್ಕಿಂತ ಕೆಳಗಿಳಿದಿರುತ್ತದೆ. ಇವನ್ನು ಪುಸ್ತಕದಲ್ಲಿ ಗುರುತು ಹಾಕಿದರೆ ಸಾಲದು, ನಿಮ್ಮ ಮೈಮೇಲೆಯೇ ಬೆರಳಿಟ್ಟು ಹುಡುಕಬೇಕು.

ಆಮೇಲೆ ಶುರುವಾದದ್ದು ಅನುಮತಿಯ ಅಲೆದಾಟ. ವೈದ್ಯಕೀಯ ಕಾಲೇಜಿನ ಛೇದನಾಲಯದಲ್ಲಿ, ಅಂದರೆ ವಿದ್ಯಾರ್ಥಿಗಳು ಶವಗಳನ್ನು ಬಿಡಿಸಿ ಕಲಿಯುವ ಕೋಣೆಯಲ್ಲಿ, ಕುಳಿತು ಬರೆಯಲು ಅವಕಾಶ ಬೇಡಿ ಮೊದಲು ಒಂದು ಕಾಲೇಜಿಗೆ ಅರ್ಜಿ ಕೊಟ್ಟೆ. ಸ್ವೀಕೃತಿಯ ಮುದ್ರೆ ಬಿದ್ದ ಮೇಲೆ ಅರ್ಜಿ ಯಾವ ಮೇಜಿನ ಮೇಲಿದೆ ಎಂಬುದೇ ತಿಳಿಯದಾಯಿತು. ವಾರಗಟ್ಟಲೆ ಕಾದ ಬಳಿಕ, ಹೊರಗಿನವರಿಗೆ ಅವಕಾಶವಿಲ್ಲ ಎಂಬ ಒಂದು ಸಾಲಿನ ಉತ್ತರ ಬಂತು. ಆ ಉತ್ತರದಿಂದ ಮನಸ್ಸಿಗೆ ನೋವಾದದ್ದು ನಿಜ; ಕಲೆಯ ಕೆಲಸಕ್ಕೆ ಎಂದು ಬರೆದದ್ದನ್ನು ಯಾರಾದರೂ ಓದಿದ್ದರೇ ಎಂಬ ಅನುಮಾನ ಬಹಳ ದಿನ ಕಾಡಿತು. ಎರಡನೆಯ ಕಾಲೇಜಿನಲ್ಲಿ ಅರ್ಜಿಯನ್ನು ಕಚೇರಿಗೆ ಹಾಕುವ ಮೊದಲು ಅಂಗರಚನಾ ವಿಭಾಗದ ಮುಖ್ಯಸ್ಥರ ಭೇಟಿಗೆ ಸಮಯ ಕೇಳಿದೆ. ಹಾಗೆ ಮಾಡಿದ್ದರಿಂದಲೇ ಕೆಲಸ ಮುಂದೆ ಸಾಗಿತು.

ಅವರು ಕೂಡಲೇ ಒಪ್ಪಲಿಲ್ಲ. ಅವರ ಹಿಂಜರಿಕೆಗೆ ಕಾರಣವಿತ್ತು. ಛೇದನಾಲಯಕ್ಕೆ ದೇಹಗಳು ಬರುವುದು ಎರಡು ದಾರಿಯಲ್ಲಿ. 1957ರ ಕರ್ನಾಟಕ ಅಂಗರಚನಾ ಕಾಯ್ದೆಯು ವಾರಸುದಾರರಿಲ್ಲದ ಶವಗಳನ್ನು ಅಧ್ಯಯನಕ್ಕಾಗಿ ವೈದ್ಯಕೀಯ ಸಂಸ್ಥೆಗಳಿಗೆ ಒಪ್ಪಿಸಲು ಅವಕಾಶ ಕೊಡುತ್ತದೆ. ಇನ್ನು ಕೆಲವರು ಬದುಕಿರುವಾಗಲೇ ದೇಹದಾನದ ಪತ್ರಕ್ಕೆ ಸಹಿ ಹಾಕಿರುತ್ತಾರೆ. ದಾನಿಗಳು ಒಪ್ಪಿದ್ದು ವೈದ್ಯಕೀಯ ಶಿಕ್ಷಣಕ್ಕೆ ಮತ್ತು ಸಂಶೋಧನೆಗೆ; ಶಿಲ್ಪಿಯೊಬ್ಬ ಪಕ್ಕದಲ್ಲಿ ಕುಳಿತು ಚಿತ್ರ ಬರೆಯುವುದು ಆ ಒಪ್ಪಿಗೆಯೊಳಗೆ ಬರುತ್ತದೆಯೇ ಎಂದು ಅವರು ನನ್ನನ್ನೇ ಕೇಳಿದರು. ನಾನು ಬರೆಯುವುದು ಅಭ್ಯಾಸದ ರೇಖಾಚಿತ್ರಗಳನ್ನಷ್ಟೇ, ಯಾವುದನ್ನೂ ಪ್ರದರ್ಶಿಸುವುದಿಲ್ಲ, ಮಾರುವುದಿಲ್ಲ, ಮುಖವನ್ನು ಬರೆಯುವುದಿಲ್ಲ, ಬೇಕಾದರೆ ವಿದ್ಯಾರ್ಥಿಗಳ ಕಲಿಕೆಗೆ ಉಪಯೋಗವಾಗುವ ಪಟಗಳನ್ನು ವಿಭಾಗಕ್ಕೆ ಬರೆದುಕೊಡುತ್ತೇನೆ ಎಂದೆ. ವಿಷಯ ಕಾಲೇಜಿನ ನೈತಿಕ ಸಮಿತಿಯ ಮುಂದೆ ಹೋಯಿತು. ಸಮಿತಿ ಪ್ರತಿವಾರ ಸೇರುವುದಿಲ್ಲವಾದ್ದರಿಂದ ಮತ್ತೆ ಕಾಯಬೇಕಾಯಿತು. ಕೊನೆಗೆ ಒಪ್ಪಿಗೆ ಪತ್ರದ ಒಕ್ಕಣೆ ವಿಶಾಲವಾಗಿದ್ದ ದಾನಿಯ ದೇಹವಿರುವ ಮೇಜಿನಲ್ಲಿ ಮತ್ತು ವಿಭಾಗದ ಮ್ಯೂಸಿಯಂನಲ್ಲಿ ಮಾತ್ರ ಬರೆಯಬಹುದೆಂದು ಅನುಮತಿ ಸಿಕ್ಕಿತು. ಆ ಎಚ್ಚರ ಸರಿಯಾದದ್ದೆಂದೇ ನನ್ನ ಅಭಿಪ್ರಾಯ. ಅದನ್ನು ಅಡ್ಡಿಯೆಂದು ಬಗೆದು ಶಿಫಾರಸು ಹಿಡಿಯಲು ಹೋಗಬೇಡಿ.

ನನ್ನಿಂದ ಕೇಳಿದ ಕಾಗದಗಳಿವು: ಉದ್ದೇಶ ಮತ್ತು ಬೇಕಾದ ಅವಧಿಯನ್ನು ತಿಳಿಸುವ ಪತ್ರ, ಗುರುತಿನ ಚೀಟಿ, ಪದವಿ ಪ್ರಮಾಣಪತ್ರದ ನಕಲು, ಹಿಂದಿನ ಕೆಲಸಗಳ ಫೋಟೋ, ಮಾನ್ಯತೆ ಇರುವ ಕಲಾಸಂಸ್ಥೆಯೊಂದರ ಪತ್ರ, ಛಾಪಾ ಕಾಗದದ ಮೇಲೆ ನೋಟರಿ ಮಾಡಿಸಿದ ಮುಚ್ಚಳಿಕೆ, ಧನುರ್ವಾಯು ಚುಚ್ಚುಮದ್ದು ಪಡೆದ ಚೀಟಿ. ಯಾವ ಸಂಸ್ಥೆಯಲ್ಲೂ ವಿದ್ಯಾರ್ಥಿಯಲ್ಲದ ನನಗೆ ಕಲಾಸಂಸ್ಥೆಯ ಪತ್ರವೇ ಎಲ್ಲಕ್ಕಿಂತ ಕಷ್ಟವಾಯಿತು. ನನಗೆ ಪಾಠ ಹೇಳಿದ್ದ ಹಿರಿಯರೊಬ್ಬರು ಮುತುವರ್ಜಿ ವಹಿಸಿ ಬರೆಸಿಕೊಟ್ಟರು. ಮುಚ್ಚಳಿಕೆ, ನಕಲು, ಚುಚ್ಚುಮದ್ದು ಎಲ್ಲ ಸೇರಿ ಸಾವಿರ ರೂಪಾಯಿಯ ಒಳಗೇ ಮುಗಿಯಿತು. ಕಾಲೇಜು ಶುಲ್ಕ ತೆಗೆದುಕೊಳ್ಳಲಿಲ್ಲ.

ಅರ್ಜಿಯನ್ನು ಯಾವಾಗ ಕೊಡಬೇಕೆಂಬುದು ಇನ್ನೊಂದು ಮುಖ್ಯ ಸಂಗತಿ. ಮೊದಲ ವರ್ಷದ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳು ದೇಹದ ಒಂದೊಂದು ಭಾಗವನ್ನು ಕ್ರಮವಾಗಿ ಛೇದಿಸುತ್ತ ಹೋಗುತ್ತಾರೆ, ಸಾಮಾನ್ಯವಾಗಿ ತೋಳಿನಿಂದ ಆರಂಭಿಸುತ್ತಾರೆ. ನಿಮಗೆ ಭುಜ ನೋಡಬೇಕಿದ್ದರೆ ವರ್ಷದ ಆರಂಭದಲ್ಲೇ ಒಳಗಿರಬೇಕು. ತಡವಾದರೆ ನಿಮಗೆ ಬೇಕಾದ ಪದರಗಳು ಆಗಲೇ ಕತ್ತರಿಸಿಹೋಗಿರುತ್ತವೆ. ಅನುಮತಿ ಸಿಕ್ಕಿದಾಗ ಆ ವರ್ಷದ ತೋಳಿನ ಪಾಠ ಮುಗಿದಿದ್ದರಿಂದ ನಾನು ಮುಂದಿನ ತಂಡಕ್ಕಾಗಿ ಕಾದೆ. ಆ ಅವಧಿಯಲ್ಲಿ ಮ್ಯೂಸಿಯಂನ ಗಾಜಿನ ಜಾಡಿಗಳಲ್ಲಿ ಕಾಪಿಟ್ಟ ಭಾಗಗಳನ್ನು ಬರೆದೆ. ಜೊತೆಗೆ ಮಾಂಸದಂಗಡಿಯಿಂದ ಮೇಕೆಯ ಮುಂಗಾಲನ್ನು ಹೆಗಲೆಲುಬು ಸಮೇತ ತಂದು ಮನೆಯಲ್ಲೇ ಬಿಡಿಸಿ ನೋಡಿದೆ. ಸ್ನಾಯು ಎಲ್ಲಿ ಮುಗಿದು ಬಿಳಿಯ ರಜ್ಜುವಾಗುತ್ತದೆ, ಅದು ಮೂಳೆಯನ್ನು ಹೇಗೆ ಕಚ್ಚಿಕೊಳ್ಳುತ್ತದೆ ಎಂಬುದನ್ನು ಅರಿಯಲು ಇದಕ್ಕಿಂತ ಸುಲಭದ ಉಪಾಯ ನನಗೆ ತೋಚಲಿಲ್ಲ.

ಹೊಸ ತಂಡ ಬಂದ ದಿನ ವಿದ್ಯಾರ್ಥಿಗಳೆಲ್ಲ ದೇಹಗಳ ಮುಂದೆ ನಿಂತು, ಇವರನ್ನು ನಮ್ಮ ಮೊದಲ ಗುರುವೆಂದು ಗೌರವಿಸುತ್ತೇವೆ ಎಂಬ ಅರ್ಥದ ಪ್ರತಿಜ್ಞೆ ತೆಗೆದುಕೊಂಡರು. ಹಿಂದಿನ ಸಾಲಿನಲ್ಲಿ ನಿಂತು ನಾನೂ ಹೇಳಿದೆ. ಆ ಕ್ಷಣದವರೆಗೆ ಇದ್ದ ಅಳುಕು ಬಹುಮಟ್ಟಿಗೆ ಆಗಲೇ ಕರಗಿತು. ಫಾರ್ಮಲಿನ್‌ನ ಘಾಟು ಮಾತ್ರ ಬೇರೆಯೇ ಸಂಗತಿ; ಶವ ಕೆಡದಂತೆ ಬಳಸುವ ದ್ರಾವಣವದು. ಕಣ್ಣು ಉರಿದು ನೀರು ಸುರಿಯುತ್ತದೆ, ಗಂಟಲು ಕೆರೆಯುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಹೋಗಬೇಡಿ, ಕನ್ನಡಕ ಹಾಕಿ. ಕಿಟಕಿಯ ಬಳಿ ಜಾಗ ಕೇಳಿ, ಆಗಾಗ ಹೊರಗೆ ಬಂದು ಗಾಳಿ ತೆಗೆದುಕೊಳ್ಳಿ. ಮೊಬೈಲನ್ನು ಹೊರಗೇ ಇಡಬೇಕು. ಇದ್ದಿಲು ಕೈಗವಸಿಗೆ ಅಂಟಿ ಹಾಳೆಯೆಲ್ಲ ಕಲೆಯಾಗುವುದರಿಂದ ಪೆನ್ಸಿಲ್ ಸಾಕು. ಅಲ್ಲಿಗೆ ಒಯ್ದ ಪುಸ್ತಕವನ್ನು ಮನೆಯ ಬೇರೆ ಹಾಳೆಗಳೊಂದಿಗೆ ಬೆರೆಸಬೇಡಿ. ಪ್ರತಿ ಬಾರಿ ಹೊರಡುವಾಗ ಅದನ್ನು ತೋರಿಸಿ ಸಹಿ ಹಾಕಿಸಿಕೊಳ್ಳಬೇಕಿತ್ತು.

ಮೊದಲ ಕೆಲವು ದಿನ ನಿರಾಸೆಯೇ ಆಯಿತು ಎನ್ನಬೇಕು. ಪಟಗಳಲ್ಲಿ ಕೆಂಪಗೆ, ಗೆರೆ ಕೊರೆದಂತೆ ಬೇರೆ ಬೇರೆಯಾಗಿ ಕಾಣುವ ಸ್ನಾಯುಗಳು ಇಲ್ಲಿ ಬೂದುಗಂದು ಬಣ್ಣದಲ್ಲಿ ಒಂದಕ್ಕೊಂದು ಅಂಟಿಕೊಂಡಿದ್ದವು. ಮೇಲೆ ಹಳದಿ ಕೊಬ್ಬು, ಅದರ ಕೆಳಗೆ ಬಿಳಿಯ ತೆಳು ಪೊರೆ. ವಿದ್ಯಾರ್ಥಿಗಳು ಗಂಟೆಗಟ್ಟಲೆ ಇಕ್ಕಳದಿಂದ ಆ ಪೊರೆಯನ್ನು ಬಿಡಿಸುತ್ತಿದ್ದರು. ಅದಕ್ಕಿಂತ ಮುಖ್ಯವಾಗಿ, ಮಲಗಿಸಿ ಗಟ್ಟಿಯಾದ ದೇಹದಲ್ಲಿ ಬೆನ್ನೂ ಪೃಷ್ಠವೂ ಮೇಜಿಗೆ ಒತ್ತಿ ಚಪ್ಪಟೆಯಾಗಿರುತ್ತವೆ, ಎದೆಯ ಸ್ನಾಯು ಬದಿಗೆ ಜಾರಿರುತ್ತದೆ. ಅಲ್ಲಿ ಕಂಡ ಹೊರರೂಪವನ್ನೇ ಶಿಲ್ಪಕ್ಕೆ ಇಳಿಸಿದರೆ ನಿಂತ ಮನುಷ್ಯ ಮೂಡುವುದಿಲ್ಲ. ಛೇದನಾಲಯಕ್ಕೆ ರೂಪ ನಕಲು ಮಾಡಲು ಹೋಗಬಾರದು, ಪ್ರಶ್ನೆ ಹಿಡಿದುಕೊಂಡು ಹೋಗಬೇಕು ಎಂಬ ತೀರ್ಮಾನಕ್ಕೆ ನಾನು ಬಂದದ್ದು ಆಗ. ಈ ಸ್ನಾಯು ಎಲ್ಲಿ ಹುಟ್ಟುತ್ತದೆ, ಎಲ್ಲಿ ಸೇರುತ್ತದೆ, ಯಾವುದರ ಕೆಳಗೆ ಹಾಯುತ್ತದೆ, ಎಳೆದಾಗ ಯಾವ ಮೂಳೆ ಕದಲುತ್ತದೆ: ಈ ನಾಲ್ಕನ್ನು ಹಾಳೆಯ ಮೇಲೆ ಮೊದಲೇ ಬರೆದುಕೊಂಡು ಒಳಗೆ ಹೋಗಲು ಆರಂಭಿಸಿದ ಮೇಲೆ ಪ್ರತಿ ಭೇಟಿಯೂ ಫಲ ಕೊಟ್ಟಿತು.

ಒಂದು ಮಧ್ಯಾಹ್ನ ಪ್ರಾಧ್ಯಾಪಕರು ಹೆಗಲೆಲುಬಿನ ಒಳಅಂಚನ್ನು ಹಿಡಿದು ಹೊರಕ್ಕೆತ್ತಿ, ಬಗ್ಗಿ ನೋಡಿ ಎಂದರು. ಅದರ ಅಡಿಯಿಂದ ಹೊರಟ ಸ್ನಾಯುವೊಂದು ಎದೆಗೂಡಿಗೆ ಅಂಟಿಕೊಂಡು ಮುಂದೆ ಬಂದು, ಬೆರಳು ಬಿಡಿಸಿ ಹಿಡಿದ ಕೈಯಂತೆ ಮೇಲಿನ ಎಂಟು ಪಕ್ಕೆಲುಬುಗಳನ್ನು ಒಂದೊಂದಾಗಿ ಹಿಡಿದಿತ್ತು. ಅದು ಸೆರಟಸ್ ಆಂಟೀರಿಯರ್. ಕೆಳಗಿನ ಎಳೆಗಳು ಹೊಟ್ಟೆಯ ಓರೆ ಸ್ನಾಯುವಿನ ಎಳೆಗಳೊಂದಿಗೆ ಹೆಣೆದುಕೊಂಡಿದ್ದವು. ಕೈ ಎತ್ತಿದ ಪಳಗಿದ ಮೈಯಲ್ಲಿ ಕಂಕುಳಿನ ಕೆಳಗೆ ಕಾಣುವ ಸಾಲು ಉಬ್ಬುಗಳನ್ನು ಎಷ್ಟೋ ಜನ ಪಕ್ಕೆಲುಬೆಂದೇ ತಿಳಿದು ಬರೆಯುತ್ತಾರೆ. ಈ ಸ್ನಾಯು ಎಳೆದಾಗ ಹೆಗಲೆಲುಬಿನ ಕೆಳತುದಿ ಹೊರಕ್ಕೂ ಮುಂದಕ್ಕೂ ತಿರುಗುತ್ತದೆ. ಕೈಯನ್ನು ಪೂರ್ತಿ 180 ಡಿಗ್ರಿ ಮೇಲೆತ್ತುವಾಗ ಸುಮಾರು 120 ಡಿಗ್ರಿಯಷ್ಟು ಮಾತ್ರ ಭುಜದ ಕೀಲಿನಲ್ಲಿ ಆಗುತ್ತದೆ. ಉಳಿದ 60 ಡಿಗ್ರಿಯನ್ನು ಹೆಗಲೆಲುಬಿನ ಈ ತಿರುಗುವಿಕೆಯೇ ತುಂಬಿಕೊಡುತ್ತದೆ. ನನ್ನ ಆಕೃತಿಯಲ್ಲಿ ಬೆನ್ನಿನ ಮೇಲೆ ಹೆಗಲೆಲುಬಿನ ತ್ರಿಕೋನವನ್ನು ಎಲ್ಲಿಡಬೇಕೆಂಬ ಪ್ರಶ್ನೆಗೆ ಅಂದು ಉತ್ತರ ಸಿಕ್ಕಿತು.

ಅಲ್ಲಿ ಬರೆದ ಪುಟಗಳಲ್ಲಿ ಅಂಗೈಯೊಂದಿದೆ. ಬೆರಳುಗಳ ಬುಡದಲ್ಲಿ ಚರ್ಮ ದಪ್ಪಗಟ್ಟಿತ್ತು, ದುಡಿದ ಕೈ. ಯಾರೆಂದು ನನಗೆ ತಿಳಿಯದು, ತಿಳಿಯುವ ಹಕ್ಕೂ ನನಗಿಲ್ಲ. ಆದರೆ ಅವರು ಕೊಟ್ಟು ಹೋದದ್ದಕ್ಕೆ ತಕ್ಕಂತೆ ಕೆಲಸ ಮಾಡಬೇಕೆಂಬ ಎಚ್ಚರ ಆಮೇಲೆ ನನ್ನನ್ನು ಬಿಟ್ಟಿಲ್ಲ.

ಬರೆಯುವ ಕ್ರಮವನ್ನು ನಾನು ಲಿಯೊನಾರ್ಡೊ ಡ ವಿಂಚಿಯಿಂದ ಎರವಲು ಪಡೆದೆ. 1510ರ ಸುಮಾರಿಗೆ ಅವನು ಒಂದೇ ಭುಜವನ್ನು ಮುಂದಿನಿಂದ ಹಿಂದಿನವರೆಗೆ ಹಂತಹಂತವಾಗಿ ತಿರುಗಿಸಿ ಬರೆದ ಹಾಳೆಗಳು ಇಂಗ್ಲೆಂಡಿನ ವಿಂಡ್ಸರ್ ಸಂಗ್ರಹದಲ್ಲಿವೆ. ಕೆಲವು ಕಡೆ ಅವನು ಸ್ನಾಯುಗಳನ್ನು ಬರಿಯ ದಾರಗಳಾಗಿ ಎಳೆದು ಬಲದ ದಿಕ್ಕನ್ನು ತೋರಿಸುತ್ತಾನೆ. ಮನೆಗೆ ಬಂದ ಸಂಜೆಯೇ ನಾನು ಪ್ಲಾಸ್ಟಿಕ್ ಅಸ್ಥಿಪಂಜರಕ್ಕೆ ಬಣ್ಣದ ದಾರಗಳನ್ನು ಹುಟ್ಟಿನ ಜಾಗದಿಂದ ಸೇರುವ ಜಾಗಕ್ಕೆ ಅಂಟಿಸಿ, ಕೈಯನ್ನು ಎತ್ತಿ ಇಳಿಸಿ ನೋಡುತ್ತಿದ್ದೆ. ನೆನಪು ಹಸಿಯಾಗಿರುವಾಗಲೇ ಇದನ್ನು ಮಾಡಬೇಕು.

ಮುಂದಿನ ಹಂತ ಎಕೋರ್ಶೆ, ಅಂದರೆ ಚರ್ಮ ತೆಗೆದ ದೇಹದ ಶಿಲ್ಪ. ಫ್ರಾನ್ಸಿನ ಶಿಲ್ಪಿ ಊಡೋನ್ 1767ರಲ್ಲಿ ರೋಮಿನಲ್ಲಿ ಮಾಡಿದ ಎಕೋರ್ಶೆಯ ಅಚ್ಚುಗಳು ಇಂದಿಗೂ ಹಲವು ಕಲಾಶಾಲೆಗಳಲ್ಲಿವೆ. ಅದು ಒಂದು ಕೈ ಚಾಚಿದ ಸಂತ ಜಾನ್‌ನ ಪ್ರತಿಮೆಗೆ ಪೂರ್ವಸಿದ್ಧತೆಯಾಗಿ ಹುಟ್ಟಿದ್ದು ಎಂದು ತಿಳಿದಾಗ ನನ್ನ ಶ್ರಮಕ್ಕೆ ದೊಡ್ಡ ಜೊತೆ ಸಿಕ್ಕಂತೆನಿಸಿತು. ನಾನು ಆಳೆತ್ತರದ ಮೂರನೆಯ ಒಂದು ಭಾಗದ ಅಳತೆಯಲ್ಲಿ, ಅಲ್ಯೂಮಿನಿಯಂ ತಂತಿಯ ಹಂದರದ ಮೇಲೆ ಮೊದಲು ಮೂಳೆಗಳನ್ನು, ಆಮೇಲೆ ಆಳದ ಸ್ನಾಯುಗಳನ್ನು, ಕಡೆಗೆ ಮೇಲಿನವನ್ನು ಕೂರಿಸುತ್ತ ಬಂದೆ. ಜೇಡಿಮಣ್ಣು ಒಣಗಿ ಬಿರುಕು ಬಿಡುವುದರಿಂದ ತಿಂಗಳುಗಟ್ಟಲೆ ನಡೆಯುವ ಈ ಕೆಲಸಕ್ಕೆ ಎಣ್ಣೆ ಬೆರೆಸಿದ ಪ್ಲಾಸ್ಟಿಸಿನ್ ಬೇಕು. ಅದಕ್ಕೂ ತಂತಿಗೂ ಸೇರಿ 6,000 ರೂಪಾಯಿ ಹಿಡಿಯಿತು.

ಇಷ್ಟಾದ ಮೇಲೂ ಜೀವಂತ ದೇಹವನ್ನು ನೋಡುವುದು ಬಾಕಿಯಿತ್ತು. ಗಂಟೆಯ ಲೆಕ್ಕದಲ್ಲಿ ಕೂರುವ ಮಾಡೆಲ್‌ಗಳು ನಮ್ಮಲ್ಲಿ ವಿರಳ. ಸಿಕ್ಕವರೂ ಕೈ ಎತ್ತಿ ಹೆಚ್ಚು ಹೊತ್ತು ನಿಲ್ಲಲಾರರು. ಮೈಸೂರಿನವನಾದ್ದರಿಂದ ನನಗೆ ಗರಡಿಮನೆ ನೆನಪಾಯಿತು. ಉಸ್ತಾದರನ್ನು ಕಂಡು, ಮೂಲೆಯಲ್ಲಿ ಕುಳಿತು ಬರೆಯುತ್ತೇನೆ, ಯಾರ ಸಾಮಿಗೂ ತೊಂದರೆ ಮಾಡುವುದಿಲ್ಲ ಎಂದಾಗ ಅವರು ಒಂದೇ ಷರತ್ತು ಹಾಕಿದರು: ಚಪ್ಪಲಿ ಹೊರಗೆ ಬಿಟ್ಟು, ಹನುಮಂತನಿಗೆ ಕೈಮುಗಿದು ಒಳಗೆ ಬರಬೇಕು. ಬೆಳಗಿನ ಜಾವ ಮಟ್ಟಿಯ, ಅಂದರೆ ಕುಸ್ತಿಯ ಅಂಕಣದ, ಕೆಮ್ಮಣ್ಣು ಮೆತ್ತಿದ ಬೆನ್ನುಗಳ ಮೇಲೆ ಒಂದೇ ಬಲ್ಬಿನ ಬೆಳಕು ಬದಿಯಿಂದ ಬೀಳುವಾಗ, ಕಾಲೇಜಿನಲ್ಲಿ ಇಕ್ಕಳದ ತುದಿಯಲ್ಲಿ ಕಂಡದ್ದೆಲ್ಲ ಚಲಿಸತೊಡಗಿತು. ಪೈಲ್ವಾನನೊಬ್ಬ ಗದೆಯನ್ನು ತಲೆಯ ಹಿಂದಿನಿಂದ ಸುತ್ತಿ ಮುಂದೆ ತರುವಾಗ ಹೆಗಲೆಲುಬಿನ ಕೆಳತುದಿ ಚರ್ಮದಡಿಯಲ್ಲಿ ಹೊರಕ್ಕೆ ಸರಿದು, ಮರಳಿ ಬೆನ್ನುಮೂಳೆಯ ಕಡೆ ಜಾರುತ್ತಿತ್ತು. ಅದರ ಹಿಂದೆಯೇ ಕಂಕುಳಿನ ಕೆಳಗೆ ಸೆರಟಸ್‌ನ ಎಳೆಗಳು ಮೂಡಿ ಮಾಯವಾಗುತ್ತಿದ್ದವು. ದಂಡ ಹೊಡೆಯುವಾಗ ತೋಳಿನ ಹಿಂಬದಿ, ಬಸ್ಕಿ ಹೊಡೆಯುವಾಗ ತೊಡೆಯ ಒಳಬದಿಯ ಸ್ನಾಯು ಮೊಣಕಾಲಿನ ಚಿಪ್ಪಿನ ಪಕ್ಕ ಹೊರಬದಿಯದಕ್ಕಿಂತ ಕೆಳಗೆ ಇಳಿಯುವ ಬಗೆ, ಎಲ್ಲವನ್ನೂ ಅಲ್ಲಿ ಬರೆದುಕೊಂಡೆ. ಹಣ ತೆಗೆದುಕೊಳ್ಳಲು ಅವರು ಒಪ್ಪಲಿಲ್ಲ; ಬಾದಾಮಿಯನ್ನೂ ಹಾಲನ್ನೂ ಕೊಡಿಸಿದೆ, ಕೇಳಿದವರಿಗೆ ಅವರವರ ಚಿತ್ರ ಬರೆದುಕೊಟ್ಟೆ. ದಸರೆಯ ಕುಸ್ತಿ ಹತ್ತಿರವಾಗುವಾಗ ಮಾತ್ರ ಹೋಗಬೇಡಿ, ಆಗ ಅವರ ತಾಲೀಮು ಬಿರುಸಾಗಿರುತ್ತದೆ.

ಆಳೆತ್ತರದ ಆಕೃತಿಯ ಭುಜವನ್ನು ಮತ್ತೆ ಕಟ್ಟಿ, ಅಚ್ಚು ತೆಗೆದು, ಎರಕಕ್ಕೆ ಕಳಿಸಿದ್ದೇನೆ. ಮಾತು ಕೊಟ್ಟಂತೆ ಭುಜ, ಮುಂಗೈ ಮತ್ತು ಮೊಣಕಾಲಿನ ಪಟಗಳನ್ನು ವಿಭಾಗಕ್ಕೆ ಬರೆದುಕೊಟ್ಟಾಗಿದೆ. ಕತ್ತು ಮತ್ತು ಮುಖದ ಅಧ್ಯಯನ ನನಗಿನ್ನೂ ಬಾಕಿ. ಮುಖ ಬರೆಯುವುದಿಲ್ಲವೆಂಬ ಮುಚ್ಚಳಿಕೆ ಜಾರಿಯಲ್ಲಿರುವುದರಿಂದ ಅದಕ್ಕೆ ಮ್ಯೂಸಿಯಂನ ಜಾಡಿಗಳೇ ಗತಿ, ಬೇರೆಯದೇ ಅರ್ಜಿ ಬೇಕೆಂದು ಕಚೇರಿಯವರು ತಿಳಿಸಿದ್ದಾರೆ. ಭುಜವನ್ನೇ ನೋಡಬೇಕೆನ್ನುವವರು ಹೊಸ ತಂಡ ಸೇರುವುದಕ್ಕೆ ಕನಿಷ್ಠ ನಾಲ್ಕು ತಿಂಗಳು ಮೊದಲೇ ವಿಭಾಗದ ಮುಖ್ಯಸ್ಥರನ್ನು ಕಂಡು, ಕಲಾಸಂಸ್ಥೆಯ ಪತ್ರವನ್ನು ಕೈಯಲ್ಲಿಟ್ಟುಕೊಂಡೇ ಅರ್ಜಿ ಹಾಕಿ.